‘ನ್ಯಾಚುರಲ್ ಫಿಲಾಸಫಿ’ ಎಂದರೆ ತತ್ತ್ವಶಾಸ್ತ್ರವಲ್ಲ

ಅಮೆರಿಕದ ಅಂತರ್ಯುದ್ಧದ ಸೇನಾನಿ ಥಾಮಸ್ ‘ಸ್ಟೋನ್‌ವಾಲ್’ ಜಾಕ್ಸನ್ ಅವರ ಕಾಗದಪತ್ರಗಳಲ್ಲಿ ‘ನ್ಯಾಚುರಲ್ ಫಿಲಾಸಫಿ ಪ್ರೊಫೆಸರ್’ ಎಂದಿರುವುದನ್ನು ಕಂಡು, ಸೈನಿಕನೊಬ್ಬ ತತ್ತ್ವಶಾಸ್ತ್ರ ಕಲಿಸಿದ್ದು ಹೇಗೆ, ಓದನ್ನು ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ಅವರು ತತ್ತ್ವಶಾಸ್ತ್ರ ಕಲಿಸಲೇ ಇಲ್ಲ. ಆ ಕಾಲದಲ್ಲಿ ಆ ಹೆಸರಿನ ಅರ್ಥ ಹೆಚ್ಚುಕಡಿಮೆ ಭೌತವಿಜ್ಞಾನ: ಯಂತ್ರಶಾಸ್ತ್ರ, ಬೆಳಕು, ಶಬ್ದ, ಜೊತೆಗೆ ಖಗೋಳ. 1851ರಲ್ಲಿ ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್ ಸೇರಿದ ಅವರು ಫಿರಂಗಿ ತರಬೇತಿಯನ್ನೂ ಕೊಡುತ್ತಿದ್ದರು.

ಪಾಠ ಮಾತ್ರ ನೀರಸ. ಕಣ್ಣು ದುರ್ಬಲವಾಗಿದ್ದರಿಂದ ರಾತ್ರಿ ದೀಪದ ಬೆಳಕಿನಲ್ಲಿ ಓದುವಂತಿರಲಿಲ್ಲ. ಹಗಲು ಓದಿದ್ದನ್ನು ಸಂಜೆ ಗೋಡೆಗೆ ಮುಖ ಮಾಡಿ ಕುಳಿತು ಮನಸ್ಸಿನಲ್ಲೇ ತಿರುವಿಹಾಕಿ, ಮರುದಿನ ತರಗತಿಯಲ್ಲಿ ಒಪ್ಪಿಸುತ್ತಿದ್ದರು. ಅರ್ಥವಾಗಲಿಲ್ಲ ಎಂದರೆ ಅದೇ ಮಾತು ಮತ್ತೊಮ್ಮೆ! ಹುಡುಗರು ಇಟ್ಟ ಅಡ್ಡಹೆಸರು ‘ಟಾಮ್ ಫೂಲ್’. ಇಂಥ ಮೇಷ್ಟರು ನಮಗೂ ಹೊಸಬರಲ್ಲ ಬಿಡಿ.

ಓದನ್ನು 1861ರಲ್ಲಿ ಶುರುವಾದ ಅಂತರ್ಯುದ್ಧದಿಂದ ಶುರುಮಾಡಬೇಡಿ. ತಂಗಿ ಲಾರಾಗೆ ಬರೆದ ಪತ್ರಗಳಿಂದ ಶುರುಮಾಡಿ. ಅಮೆರಿಕದ ಸೇನಾ ಅಕಾಡೆಮಿಯಾದ ವೆಸ್ಟ್ ಪಾಯಿಂಟ್‌ನ ಕೆಡೆಟ್ ಆಗಿದ್ದಾಗಿನವೂ (1842–46) ಅವುಗಳಲ್ಲಿವೆ. ಮೊದಲ ವರ್ಷ 51ನೇ ಸ್ಥಾನದಲ್ಲಿದ್ದ ಹಳ್ಳಿ ಹುಡುಗ, ಕೊನೆಗೆ 59 ಮಂದಿಯಲ್ಲಿ 17ನೆಯವನಾದ. ಮುಂದಿನ ಪತ್ರಗಳಲ್ಲಿ ಅಜೀರ್ಣ, ಪಥ್ಯ, ದೇವರು ಪದೇ ಪದೇ ಬರುತ್ತವೆ. ಬೇಸರಪಡದೆ ಓದಿ, ಮನುಷ್ಯ ಕಾಣುವುದು ಅಲ್ಲೇ. ಯುದ್ಧ ಬಂದಾಗ ಅಣ್ಣ ದಕ್ಷಿಣದ ಒಕ್ಕೂಟದ ಕಡೆ, ಲಾರಾ ಉತ್ತರದ ಕಡೆ. ಅಲ್ಲಿಗೆ ಆ ಸಂಬಂಧ ಮುರಿಯಿತು.