ಮಗಳು ನಾಸ್ತಿಕಳಾಗಿದ್ದಾಳೆ, ಲಿಬರಲ್ ರಾಜಕೀಯ ಅಂತ ಓಡಾಡ್ತಾಳೆ. ಯಾವ ವಾದ ಹೂಡಿ ಚರ್ಚಿಗೆ ವಾಪಸ್ ತರಲಿ?

ಮೇಡಂ, ನಿಮ್ಮ ಪ್ರಶ್ನೆ ಓದಿ ಫೋನ್ ಮಗುಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮದು ಮಂಡ್ಯ, ನಮ್ಮದು ಮೈಸೂರು. ನಿಮಗೆ ಮಗಳು, ನನಗೆ ಮಗ. ಮಿಕ್ಕಿದ್ದೆಲ್ಲ ಒಂದೇ.

ನಾನು ಹಳೇ ಕಾಲದ ಕ್ಯಾಥೊಲಿಕ್. ಭಾನುವಾರದ ಪೂಜೆ ತಪ್ಪಿಸಲ್ಲ, ಗರ್ಭಪಾತ ಪಾಪ ಅಂತ ಇವತ್ತಿಗೂ ನಂಬ್ತೀನಿ, ದೇವರನ್ನ ಬಿಟ್ಟು ನೀತಿ ನಿಲ್ಲುತ್ತೆ ಅಂದ್ರೆ ಒಪ್ಪಲ್ಲ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನ ಓದಿ 'ಅಂಕಲ್ ಬದಲಾದ್ರು' ಅಂತ ಚಪ್ಪಾಳೆ ತಟ್ಟೋಕೆ ಬರೋರು ಇರ್ತಾರೆ. ಬದಲಾಗಿಲ್ಲ.

2022ರ ಮಾತು. ಮಗ ಎಂಜಿನಿಯರಿಂಗ್ ಕೊನೇ ವರ್ಷ. ನಾನು ರಾತ್ರಿ ಹೊತ್ತು ಅಮೆರಿಕದ ಪಾಸ್ಟರ್‌ಗಳ ವಿಡಿಯೊ ನೋಡೋ ಚಟಕ್ಕೆ ಬಿದ್ದಿದ್ದೆ. (ಅವರಲ್ಲಿ ಎಷ್ಟೋ ಜನಕ್ಕೆ ನಾವು ಮಾತೆ ಮರಿಯಮ್ಮನ ಮುಂದೆ ಮೊಣಕಾಲೂರೋದೇ ಆಗಿಬರಲ್ಲ. ಆದ್ರೂ ನೋಡ್ತಿದ್ದೆ.) ನಾಸ್ತಿಕ ಅಂದ್ರೆ ಲಿಬರಲ್, ಲಿಬರಲ್ ಅಂದ್ರೆ ದೇವರ ವೈರಿ ಅನ್ನೋ ಲೆಕ್ಕ ತಲೇಲಿ ಕೂತುಬಿಡ್ತು. ಆ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ವರ್ಸಸ್ ವೇಡ್ ತೀರ್ಪನ್ನ ರದ್ದು ಮಾಡ್ತು. ನಾನು ಮನೇಲಿ ಪಾಯಸ ಮಾಡಿಸ್ದೆ. ಮಗ ಲೋಟ ಮುಟ್ಟಲಿಲ್ಲ. "ಅಪ್ಪ, ಅಮೆರಿಕದ ತೀರ್ಪಿಗೆ ಮೈಸೂರಲ್ಲಿ ಶ್ಯಾವಿಗೆ ಯಾಕೆ ಬೇಯ್ಬೇಕು?" ಅಂದ.

ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಮತಾಂತರ ನಿಷೇಧ ಮಸೂದೆ ಪರಿಷತ್ತಿನಲ್ಲೂ ಪಾಸಾಯ್ತು. ಧರ್ಮ ಬದಲಿಸೋರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಬರೆದುಕೊಡಬೇಕು ಅನ್ನೋದು ಅದರಲ್ಲಿತ್ತು. ನಾನು "ನಮಗ್ಯಾಕೆ, ತೆಪ್ಪಗಿರೋಣ" ಅಂದೆ. ದೇವರೇ ಇಲ್ಲ ಅನ್ನೋ ನನ್ನ ಮಗ ಅದರ ವಿರುದ್ಧ ಸ್ನೇಹಿತರ ಜೊತೆ ಬೋರ್ಡ್ ಹಿಡಿದು ಬಿಸಿಲಲ್ಲಿ ನಿಂತು ಬಂದ. ಆಗಲೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ, ಉರಿ ಹತ್ತಿಕೊಂಡಿತು.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನ ಬಿಡಿಸಿ ಹೇಳಲೇಬೇಕು.

ಅಕ್ಟೋಬರ್, ಜಪಸರದ (ಮಣಿ ಎಣಿಸ್ತಾ ಮಾತೆ ಮರಿಯಮ್ಮನಿಗೆ ಮಾಡೋ ಪ್ರಾರ್ಥನೆ) ತಿಂಗಳು. ನಮ್ಮನೇಲಿ ಊಟಕ್ಕೆ ಮುಂಚೆ ಎಲ್ಲರೂ ಕೂತು ಜಪಸರ ಹೇಳ್ತೀವಿ. ಅದರ ಐದು ಭಾಗಕ್ಕೆ ರಹಸ್ಯ ಅಂತೀವಿ, ಮೂರನೇದು ಮಗನ ಪಾಲು. ನಂಬಿಕೆ ಹೋಗಿದೆ ಅಂತ ಅವನು ಹೇಳಿ ಒಂದು ವರ್ಷ ಆಗಿತ್ತು, ಆದ್ರೂ ಕೂರ್ತಿದ್ದ. ನಮ್ಮಮ್ಮಂಗೆ ಕಣ್ಣು ಮಂಜಾಗಿ, ಯಾವ ಮಣಿ ಅನ್ನೋದು ತಪ್ಪಿಹೋಗ್ತಿತ್ತು. ಪಕ್ಕದಲ್ಲಿ ಕೂತು ಅವರ ಬೆರಳನ್ನ ಮಣಿಯಿಂದ ಮಣಿಗೆ ದಾಟಿಸ್ತಾ "ನಮೋ ಮರಿಯಾ" ಹೇಳೋನು. ಅವತ್ತು ನಾನು ಅರ್ಧಕ್ಕೆ ತಡೆದೆ. "ನಂಬಿ ಹೇಳೋದಾದ್ರೆ ಹೇಳು. ನಾಟಕ ಆದ್ರೆ ಎದ್ದುಹೋಗು. ದೇವರಿಲ್ಲ ಅನ್ನೋರಿಗೆ ಈ ಮನೇಲಿ ಊಟ ಇಲ್ಲ."

ಅವನು ಅಜ್ಜಿ ಬೆರಳನ್ನ ಮಣಿ ಮೇಲೆ ಇಟ್ಟು, ಎದ್ದು, ಚಪ್ಪಲಿ ಹಾಕ್ಕೊಂಡು ಹೋದ. ಬಸ್ಸಾರು, ಮುದ್ದೆ ತಟ್ಟೆಗೆ ಹಾಕಿಯಾಗಿತ್ತು. ಬೆಳಿಗ್ಗೆ ನೋಡಿದ್ರೆ ಮುದ್ದೆ ಮೇಲೆ ಸಿಪ್ಪೆ ಕಟ್ಟಿ ಬಿರುಕು ಬಿಟ್ಟಿತ್ತು. ನನ್ನ ಹೆಂಡತಿ ತಟ್ಟೆ ಎತ್ತಿರಲಿಲ್ಲ.

ಊಟ ಇಲ್ಲ ಅಂದಿದ್ದು ಕೆಟ್ಟದ್ದು, ನಿಜ. ಅಸಲು ತಪ್ಪು ಅದಲ್ಲ. ಅವನು ಕೂರಲ್ಲ ಅಂದಿರಲೇ ಇಲ್ಲ, ಮೇಡಂ! ಕೂತೇ ಇದ್ದ. ನಂಬಿಕೆ ಹೋದ ಮೇಲೂ ಪ್ರೀತಿಯಿಂದ ಮಾಡ್ತಿದ್ದ ಒಂದು ಕೆಲಸಕ್ಕೆ ನಾನು ಊಟದ ಟೋಕನ್ ಕಟ್ಟಿದೆ. ಮಾರನೇ ದಿನದಿಂದ ಅವನು ಬಂದು ಕೂತರೆ ಅದು ಮುದ್ದೆಗೋಸ್ಕರ ಅಂತಾಗುತ್ತೆ. ಸ್ವಾಭಿಮಾನ ಇರೋ ಯಾವ ಹುಡುಗ ಬರ್ತಾನೆ? ಒಂದು ವರ್ಷ ಎಂಟು ತಿಂಗಳು ಬರಲಿಲ್ಲ.

ಪಾಪನಿವೇದನೆಗೆ, ಅಂದ್ರೆ ಫಾದರ್ ಹತ್ರ ನನ್ನ ತಪ್ಪು ಒಪ್ಪಿಕೊಳ್ಳೋಕೆ, ಹೋದಾಗ ಮಗನ ಮೇಲೇ ದೂರು ಹೇಳ್ದೆ. ಫಾದರ್, ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ದಾಖಲೆ 'ಗೌದಿಯುಂ ಎತ್ ಸ್ಪೆಸ್' ತೆಗೆದು 19ನೇ ಪರಿಚ್ಛೇದ ಓದು ಅಂದ್ರು. ನಾಸ್ತಿಕತೆ ಹುಟ್ಟೋದರಲ್ಲಿ ವಿಶ್ವಾಸಿಗಳ ಪಾಲೂ ಕಮ್ಮಿಯಲ್ಲ ಅನ್ನೋ ಮಾತು ಅಲ್ಲಿದೆ. 'ದೇವರಿಲ್ಲ ಅನ್ನೋನು ದುರ್ಮತಿ' ಅನ್ನೋ ಬೈಬಲಿನ 14ನೇ ಕೀರ್ತನೆಯನ್ನ ನಾನು ಎಷ್ಟು ಸಲ ಫಾರ್ವರ್ಡ್ ಮಾಡಿದ್ದೆನೋ. ಇದನ್ನ ಒಂದು ಸಲವೂ ಓದಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಅದರ ಬುಡವೇ ಸರಿ ಇಲ್ಲ, ಬೇಜಾರು ಮಾಡ್ಕೋಬೇಡಿ. ನಾಸ್ತಿಕತೆ, ಲಿಬರಲ್ ರಾಜಕೀಯ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಕರಿಯರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿ. ಬಂಡವಾಳಶಾಹಿಯನ್ನ ಕೊಂಡಾಡಿದ ಅಮೆರಿಕದ ಲೇಖಕಿ ಅಯ್ನ್ ರ‍್ಯಾಂಡ್ ಪಕ್ಕಾ ನಾಸ್ತಿಕಿ. ಕಾರ್ಮಿಕನಿಗೆ ಹೊಟ್ಟೆ ತುಂಬೋ ಕೂಲಿ ಸಿಗಬೇಕು ಅಂತ 1891ರಲ್ಲೇ ಬರೆದವರು ನಮ್ಮ ಪೋಪ್ ಹದಿಮೂರನೇ ಲಿಯೊ, ಅವರು ಸಮಾಜವಾದವನ್ನ ಖಂಡಿಸಿದವರೂ ಹೌದು. ಅಮೆರಿಕದ ಜಗಳವನ್ನ ಇಲ್ಲಿಗೆ ತಂದು ಹೊಲಿಸಿಕೊಂಡ್ರೆ ಅಳತೆ ಕೂರಲ್ಲ. ಇಲ್ಲಿ ನಾವು ಚಿಕ್ಕ ಸಮುದಾಯ. ಸಂವಿಧಾನದ 25ನೇ ವಿಧಿ ನನಗೆ ಪೂಜೆಗೆ ಹೋಗೋ ಹಕ್ಕು ಕೊಟ್ಟ ಹಾಗೇ ನನ್ನ ಮಗನ ಅಂತಃಸಾಕ್ಷಿಗೂ ಸ್ವಾತಂತ್ರ್ಯ ಕೊಟ್ಟಿದೆ. ನಮ್ಮ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟಿದ್ದು ನಾಲ್ವಡಿಯವರು, ಅವರೇನು ಜ್ಞಾನಸ್ನಾನ ಮಾಡಿಸ್ಕೊಂಡು ಕ್ರೈಸ್ತರಾಗಿರಲಿಲ್ಲ.

ಲಿಬರಲ್ಲುಗಳ ಮೇಲೆ ನನ್ನ ಸಿಟ್ಟು ಹಾಗೇ ಇದೆ. ಎಲ್ಲರ ಸ್ವಾತಂತ್ರ್ಯ ಅಂತಾರೆ, ಮೊಣಕಾಲೂರಿ ಪ್ರಾರ್ಥನೆ ಮಾಡೋನನ್ನ ಕಂಡ್ರೆ ತುಟಿ ಕೊಂಕಿಸ್ತಾರೆ. ಅದನ್ನ ಮಗನಿಗೂ ಹೇಳ್ತೀನಿ, ಊಟ ಮುಗಿದ ಮೇಲೆ.

ವಾದ ಹುಡುಕಬೇಡಿ, ಮೇಡಂ. ಮಗಳು ಇನ್ನೂ ನಿಮ್ಮ ಜೊತೆ ಯಾವುದಕ್ಕೆ ಕೂರ್ತಾಳೆ ನೋಡಿ, ಕ್ರಿಸ್ಮಸ್ ಕುಸ್ವಾರು ತಿಂಡಿ ಮಾಡೋಕೋ, ಡೋರನಹಳ್ಳಿಯ ಸಂತ ಅಂತೋಣಿ ಜಾತ್ರೆಗೋ. ಅದರ ತಂಟೆಗೆ ಹೋಗಬೇಡಿ.

ಅಮ್ಮ ಹಾಸಿಗೆ ಹಿಡಿದ ಮೇಲೆ ಅವನು ಭಾನುವಾರ ಬರೋಕೆ ಶುರು ಮಾಡಿದ. ಜಪಸರ ಏಳೂವರೆಗೆ, ಊಟ ಎಂಟಕ್ಕೆ, ಎಂಟಕ್ಕೇ ಬಾ ಅಂತ ಹೇಳಿದ್ದೀನಿ. ಏಳು ನಲವತ್ತಕ್ಕೆಲ್ಲ ಬಂದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಶೂ ಬಿಚ್ತಾ ಇರ್ತಾನೆ. ಲೇಸ್ ಬಿಚ್ಚೋಕೆ ಇಪ್ಪತ್ತು ನಿಮಿಷ ಬೇಕಾ ಅಂತ ನಾನು ಕೇಳಲ್ಲ.