ಡ್ರಿಪ್ ಲೈನಿನ ಲೂಯರ್ ಕನೆಕ್ಟರ್‌ಗೆ ಯಾವ ಪ್ಲಾಸ್ಟಿಕ್: ಪಿಸಿ, ಎಬಿಎಸ್, ಪಿಪಿ?

ನಿಮ್ಮ ಪ್ರಶ್ನೆ ಇಷ್ಟು: ಪೀಣ್ಯದಲ್ಲಿ ಇಂಜೆಕ್ಷನ್ ಮೌಲ್ಡಿಂಗ್ ಯೂನಿಟ್ ಇದೆ, ಇದುವರೆಗೆ ಎಲೆಕ್ಟ್ರಿಕಲ್ ಪಾರ್ಟ್ಸ್ ಮಾಡುತ್ತಿದ್ದಿರಿ. ಈಗ ಐವಿ (ಡ್ರಿಪ್) ಎಕ್ಸ್‌ಟೆನ್ಷನ್ ಲೈನಿಗೆ ಫೀಮೇಲ್ ಲೂಯರ್ ಕನೆಕ್ಟರ್, ಅಂದರೆ ಸಿರಿಂಜ್ ಅಥವಾ ಇನ್ನೊಂದು ಲೈನಿನ ತುದಿ ಕೂರುವ ಬಾಯಿ, ಮಾಡಿಕೊಡಿ ಅಂತ ಆರ್ಡರ್ ಬಂದಿದೆ. ಗಿರಾಕಿ 'ಮೆಡಿಕಲ್ ಗ್ರೇಡ್' ಅಂತ ಮಾತ್ರ ಬರೆದಿದ್ದಾರೆ. ಪಾಲಿಕಾರ್ಬೊನೇಟ್ (ಪಿಸಿ), ಎಬಿಎಸ್, ಪಾಲಿಪ್ರೊಪಿಲೀನ್ (ಪಿಪಿ), ಮೂರರಲ್ಲಿ ಯಾವುದು?

ನಾನು ಇಂಥ ಡಿಸ್ಪೋಸಬಲ್ ಭಾಗಗಳ ಡಿಸೈನ್ ಕೆಲಸದಲ್ಲಿದ್ದೇನೆ. ಮೊದಲೇ ಒಂದು ಮಾತು: ಡೇಟಾ ಶೀಟ್‌ನಲ್ಲಿ ಗಟ್ಟಿತನದ ಅಂಕಿ ನೋಡಿ ಆರಿಸಬೇಡಿ. ಈ ಕನೆಕ್ಟರ್‌ಗಳು ಭಾರ ತಾಳದೆ ಮುರಿಯುವುದು ಅಪರೂಪ. ಅವು ಬಿರುಕು ಬಿಡುತ್ತವೆ, ಅದೂ ರೋಗಿಯ ಕೈಗೆ ಹಾಕಿದ ಮೇಲೆ.

ಯಾಕೆ ಅಂದರೆ, ಲೂಯರ್‌ನ ಇಳಿಜಾರು 6%. ಒಳಗೆ ಕೂರುವ ಮೇಲ್ (ಗಂಡು) ತುದಿಯನ್ನು ಒತ್ತಿ ತಿರುಗಿಸಿದಾಗ ಅದು ಕಟ್ಟಿಗೆಗೆ ಬೆಣೆ ಹೊಡೆದ ಹಾಗೆ ಕೂರುತ್ತದೆ. ಫೀಮೇಲ್ ಬಾಯಿ ಸುತ್ತಲೂ ಹಿಗ್ಗಿ, ಲೈನ್ ತೆಗೆಯುವವರೆಗೂ ಹಾಗೇ ಎಳೆತದಲ್ಲಿರುತ್ತದೆ. ಜೊತೆಗೆ ಮೌಲ್ಡಿಂಗ್‌ನಲ್ಲಿ ಒಳಗೆ ಉಳಿದ ಒತ್ತಡ ಬೇರೆ. ಇಷ್ಟೇ ಆದರೆ ಪಿಸಿ ಆರಾಮವಾಗಿ ತಡೆದುಕೊಳ್ಳುತ್ತದೆ. ಆದರೆ ಅದೇ ಲೈನಿನಲ್ಲಿ ಹಾಲಿನ ಹಾಗೆ ಬಿಳಿಯಾಗಿರುವ 20% ಕೊಬ್ಬಿನ ಎಮಲ್ಷನ್ ಹೋಗುತ್ತದೆ. ಅರಿವಳಿಕೆಗೆ ಕೊಡುವ ಪ್ರೊಪೊಫಾಲ್ ಕೂಡ ಸೋಯಾ ಎಣ್ಣೆಯ ಎಮಲ್ಷನ್ನೇ. ನರ್ಸ್ ಬಂದಾಗಲೆಲ್ಲ ಕನೆಕ್ಟರ್ ಬಾಯಿಯನ್ನು 70% ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಒರೆಸುತ್ತಾರೆ. ಎಳೆತ ಒಂದೇ ಇದ್ದರೆ ಪರವಾಗಿಲ್ಲ, ಎಣ್ಣೆ ಒಂದೇ ಇದ್ದರೂ ಪರವಾಗಿಲ್ಲ. ಎರಡೂ ಸೇರಿದಾಗ ಬಾಯಿಂದ ಕೆಳಕ್ಕೆ ಕೂದಲೆಳೆಯಂಥ ಸೀಳು ಬೀಳುತ್ತದೆ. ಔಷಧಿ ಸೋರುತ್ತದೆ, ಕೆಲವೊಮ್ಮೆ ಗಾಳಿ ಒಳಗೆ ಹೋಗುತ್ತದೆ. ಸಾದಾ ಸಲೈನ್ ಹಾಕಿ ಟೆಸ್ಟ್ ಮಾಡಿದರೆ ಇದು ಯಾವತ್ತೂ ಕಾಣುವುದಿಲ್ಲ.

ಹಾಗಾಗಿ ಗಿರಾಕಿಗೆ ಮೊದಲ ಪ್ರಶ್ನೆ: ಈ ಲೈನಿನಲ್ಲಿ ಏನೇನು ಹರಿಯುತ್ತದೆ? 'ಎಲ್ಲವೂ' ಅಂದರೆ ಲಿಪಿಡ್ (ಕೊಬ್ಬು) ತಡೆಯುವ ಪಿಸಿ ಗ್ರೇಡನ್ನೇ ಕೇಳಿ ತರಿಸಿ. ಇವು ಸಾಮಾನ್ಯವಾಗಿ ಉದ್ದ ಅಣು ಸರಪಳಿಯ, ದಪ್ಪಗೆ ಹರಿಯುವ ಗ್ರೇಡುಗಳು. ತುಂಬುವುದಿಲ್ಲ ಅಂತ ಪ್ರೆಷರ್ ಜಾಸ್ತಿ ಮಾಡಿ, ತಣ್ಣನೆಯ ಮೋಲ್ಡಿಗೆ ನುಗ್ಗಿಸಿದರೆ ಒಳಗೆ ಒತ್ತಡ ಉಳಿದು, ಜಾಸ್ತಿ ದುಡ್ಡು ಕೊಟ್ಟಿದ್ದೂ ದಂಡ. ಟ್ರೈಟಾನ್ ಥರದ ಕೋಪಾಲಿಯೆಸ್ಟರ್ ಕೂಡ ಲಿಪಿಡ್‌ಗೆ ಚೆನ್ನಾಗಿ ನಿಲ್ಲುತ್ತದೆ.

ಕ್ಯಾನ್ಸರ್ ಔಷಧಿ ಅಂದರೆ ಲೆಕ್ಕವೇ ಬೇರೆ. 2015ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತ್ತು. ಬೆಂಡಾಮಸ್ಟಿನ್‌ನ ಟ್ರೆಂಡಾ ಎಂಬ ಬ್ರ್ಯಾಂಡಿನ ದ್ರವ ರೂಪದಲ್ಲಿ ಡೈಮಿಥೈಲ್ ಅಸಿಟಮೈಡ್ ಎಂಬ ದ್ರಾವಕ ಇತ್ತು. ಅದು ಪಿಸಿ ಮತ್ತು ಎಬಿಎಸ್ ಎರಡನ್ನೂ ಕರಗಿಸುತ್ತದೆ, ಆ ಪ್ಲಾಸ್ಟಿಕ್ ಇರುವ ಸಾಧನದಲ್ಲಿ ಬಳಸಬೇಡಿ ಅಂತ. ಬುಸಲ್ಫಾನ್‌ನಲ್ಲೂ ಇದೇ ದ್ರಾವಕ. ಅಂಥ ಕಡೆ ಪಾಲಿಪ್ರೊಪಿಲೀನ್ ಗೆಲ್ಲುತ್ತದೆ. ಅಗ್ಗದ ಮಾಲು ಅಂತ ಅದನ್ನು ಕೀಳಾಗಿ ನೋಡುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ರಾಸಾಯನಿಕ ತಡೆಯುವುದರಲ್ಲಿ ಈ ಮೂರರಲ್ಲಿ ಅದೇ ಮುಂದು.

ಹಾಗಾದರೆ ಎಲ್ಲದಕ್ಕೂ ಪಿಪಿ ಯಾಕೆ ಬೇಡ? ಟ್ಯೂಬ್ ಅಂಟಿಸುವಾಗ ಗೊತ್ತಾಗುತ್ತದೆ. ಪಿವಿಸಿ ಟ್ಯೂಬನ್ನು ಪಿಸಿ ಅಥವಾ ಎಬಿಎಸ್ ಸಾಕೆಟ್‌ಗೆ ಸೈಕ್ಲೊಹೆಕ್ಸನೋನ್ ಎಂಬ ದ್ರಾವಕದಲ್ಲಿ ಅದ್ದಿ ತೂರಿಸಿದರೆ ಕೆಲಸ ಮುಗಿಯಿತು. ಪಿಪಿಗೆ ಈ ದ್ರಾವಕ ಹತ್ತುವುದೇ ಇಲ್ಲ. ಪಿಪಿ ಹಾಲುಬಿಳಿ ಬೇರೆ. ಗಾಳಿಗುಳ್ಳೆ ನೋಡಬೇಕಾದ ನರ್ಸ್‌ಗೆ ಗಾಜಿನಂತೆ ತಿಳಿಯಾಗಿದ್ದರೆ ಒಳ್ಳೆಯದು. ಅಂದಹಾಗೆ, ಪಿಸಿ ಸಾಕೆಟ್‌ಗೆ ದ್ರಾವಕ ಅತಿಯಾದರೂ ಬಿರುಕು ಬರುತ್ತದೆ. ಒಂದು ಕಂಪನಿಯಲ್ಲಿ ಮೌಲ್ಡಿಂಗ್‌ನವರನ್ನು ವಾರಗಟ್ಟಲೆ ಬೈದರು. ಕೊನೆಗೆ ನೋಡಿದರೆ ಅಸೆಂಬ್ಲಿ ಟೇಬಲ್ಲಿನಲ್ಲಿ ಟ್ಯೂಬನ್ನು ಅಳತೆಗಿಂತ ಆಳಕ್ಕೆ ಅದ್ದುತ್ತಿದ್ದರು. ಸಾಕೆಟ್ ತಳದಲ್ಲಿ ದ್ರಾವಕ ನಿಂತು ಅಲ್ಲೇ ಬಿರುಕು.

ಸ್ಟೆರಿಲೈಸೇಷನ್ ಬಗ್ಗೆಯೂ ಕೇಳಿಕೊಳ್ಳಿ. ಇಟಿಒ (ಎಥಿಲೀನ್ ಆಕ್ಸೈಡ್) ಗ್ಯಾಸ್ ಆದರೆ ಮೂರೂ ನಡೆಯುತ್ತವೆ. ಗಾಮಾ ವಿಕಿರಣ ಆದರೆ ಸಾಮಾನ್ಯ ಡೋಸ್ 25 ಕಿಲೊಗ್ರೇ. ಪಿಸಿ ಸ್ವಲ್ಪ ಹಳದಿಯಾಗುತ್ತದೆ, ಅದನ್ನು ಮುಚ್ಚಲು ತಿಳಿ ನೇರಳೆ ಛಾಯೆ ಹಾಕಿದ ಗ್ರೇಡ್ ಸಿಗುತ್ತದೆ. ಸಾದಾ ಪಿಪಿ ಮೋಸ ಮಾಡುತ್ತದೆ: ಗಾಮಾ ಆದ ದಿನ ಚೆನ್ನಾಗಿಯೇ ಇರುತ್ತದೆ, ತಿಂಗಳುಗಳ ನಂತರ ಗೋದಾಮಿನಲ್ಲಿ ಕೂತಲ್ಲೇ ಪೆಡಸಾಗಿ ಪುಡಿಯಾಗುತ್ತದೆ. ವಿಕಿರಣ ತಡೆಯುವ ಪಿಪಿ ಬೇರೆ ಬರುತ್ತದೆ, ಅದನ್ನೇ ತರಿಸಿ. ಅಸಿಟಾಲ್ ಎಂಬ ಇನ್ನೊಂದು ಪ್ಲಾಸ್ಟಿಕ್ ಅಂತೂ ಗಾಮಾ ಹತ್ತಿರ ಸುಳಿಯಬಾರದು. ಆಟೋಕ್ಲೇವ್ ಮಾಡಿ ಮತ್ತೆ ಮತ್ತೆ ಬಳಸುವ ಕನೆಕ್ಟರ್‌ಗೆ ಈ ಮೂರನ್ನೂ ಬಿಟ್ಟು ಪಾಲಿಫಿನೈಲ್‌ಸಲ್ಫೋನ್‌ಗೆ ಹೋಗುತ್ತಾರೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಿಮ್ಮದು ಒಮ್ಮೆ ಬಳಸಿ ಬಿಸಾಡುವ ಭಾಗ, ಅದು ಬೇಕಿಲ್ಲ.

'ಮೆಡಿಕಲ್ ಗ್ರೇಡ್' ಅನ್ನುವ ಚೀಟಿಯನ್ನು ಜಾಸ್ತಿ ನಂಬಬೇಡಿ. ದೇಹಕ್ಕೆ ಹೊಂದುತ್ತದೆಯೇ ಎಂದು ನೋಡುವ ಐಎಸ್‌ಒ 10993 ಟೆಸ್ಟ್‌ನಲ್ಲಿ ಪ್ಲಾಸ್ಟಿಕ್ ಹರಳು ಪಾಸಾಗಿರಬಹುದು. ನಿಮ್ಮ ಬಣ್ಣದ ಮಾಸ್ಟರ್‌ಬ್ಯಾಚ್, ಮೋಲ್ಡ್ ರಿಲೀಸ್ ಸ್ಪ್ರೇ, ಅಂಟು ಎಲ್ಲ ಸೇರಿ ಸ್ಟೆರಿಲೈಸ್ ಆದ ಭಾಗ ಪಾಸಾಗಬೇಕು. ಸ್ಪ್ರೇಯನ್ನು ಆ ಮಷಿನ್ ಹತ್ತಿರವೇ ಇಡಬೇಡಿ. ರೀಗ್ರೈಂಡ್ (ಪುಡಿ ಮಾಡಿ ಮತ್ತೆ ಹಾಕುವ ಸ್ಕ್ರ್ಯಾಪ್) ಬೇಡವೇ ಬೇಡ. ಪಿಸಿಯನ್ನು 120 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ, ತೇವಾಂಶ 0.02%ಗಿಂತ ಕೆಳಗೆ ಬಂದ ಮೇಲೆ ಓಡಿಸಿ. ಇಲ್ಲದಿದ್ದರೆ ಬ್ಯಾರೆಲ್ ಒಳಗೇ ಸರಪಳಿ ಕಡಿದುಹೋಗುತ್ತದೆ.

ಒಂದು ಅಗ್ಗದ ಉಪಾಯ: ಎರಡು ಪೋಲರೈಸಿಂಗ್ ಹಾಳೆಗಳನ್ನು ಅಡ್ಡಡ್ಡ ಇಟ್ಟು ಮಧ್ಯೆ ಪಿಸಿ ಭಾಗ ಹಿಡಿದು ಬೆಳಕಿಗೆ ನೋಡಿ. ಗೇಟಿನ (ಪ್ಲಾಸ್ಟಿಕ್ ಒಳಬರುವ ಜಾಗದ) ಹತ್ತಿರ ಬಣ್ಣದ ಪಟ್ಟೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಒತ್ತಡ ಕೂತಿದೆ. ಆಮೇಲೆ ಮೇಲ್ ತುದಿ ಬಿಗಿಯಾಗಿ ಕೂರಿಸಿ, ಲಿಪಿಡ್ ತುಂಬಿ, ಬಳಕೆಯ ಅವಧಿಗಿಂತ ಜಾಸ್ತಿ ಹೊತ್ತು ಬಿಟ್ಟು, ನಡುನಡುವೆ ಸ್ಪಿರಿಟ್‌ನಲ್ಲಿ ಒರೆಸಿ, ಭೂತಕನ್ನಡಿಯಲ್ಲಿ ಬಾಯಿ ನೋಡಿ. ಅಳತೆಗೆ ಐಎಸ್‌ಒ 80369-7, ಟೆಸ್ಟ್ ವಿಧಾನಕ್ಕೆ 80369-20. ಹಳೆಯ ಐಎಸ್‌ಒ 594 ನಂಬರಿನ ಡ್ರಾಯಿಂಗ್ ಕೊಟ್ಟರೆ ವಾಪಸ್ ಕಳಿಸಿ.

ನಿಮ್ಮ ಜಾಗದಲ್ಲಿದ್ದರೆ ನಾನು? ಪಿವಿಸಿ ಟ್ಯೂಬ್, ಇಟಿಒ, ಸಾಮಾನ್ಯ ವಾರ್ಡ್ ಬಳಕೆ ಅಂದರೆ ಲಿಪಿಡ್ ತಡೆಯುವ ಪಿಸಿ. ಮುಚ್ಚಳಕ್ಕೆ ಪಿಪಿ. ಎಬಿಎಸ್ ಅನ್ನು ಸಲೈನ್ ಬಿಟ್ಟು ಬೇರೇನೂ ಹೋಗದ ಕಡೆಗೆ ಮಾತ್ರ. ಆದರೆ ಗಿರಾಕಿಯಿಂದ ಇದನ್ನೆಲ್ಲ ಬರೆಸಿಕೊಳ್ಳುವವರೆಗೆ ಡೈಗೆ (ಮೋಲ್ಡಿಗೆ) ಅಡ್ವಾನ್ಸ್ ಕೊಡಬೇಡಿ. ತಣ್ಣಗಾದಾಗ ಪಿಸಿ ಕುಗ್ಗುವುದು ಸುಮಾರು 0.5ರಿಂದ 0.7%, ಪಿಪಿ 1ರಿಂದ 2%. ಪಿಸಿಗೆ ಕೊರೆಸಿದ ಡೈಯಲ್ಲಿ ಪಿಪಿ ಓಡಿಸಿದರೆ ಲೂಯರ್ ಗೇಜ್‌ನಲ್ಲಿ ಒಂದೂ ಪಾಸಾಗುವುದಿಲ್ಲ.