ಗರುಡನ ಪಕ್ಕ ಕೂತ ಕಂದು ಹಕ್ಕಿ ಯಾವುದು?

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಮೀನು ಇಳಿಸುವಾಗ ಗರುಡಗಳ ಜೊತೆ ಪೂರ್ತಿ ಕಂದು ಬಣ್ಣದ ಹಕ್ಕಿಯೂ ಬರುತ್ತದೆ. ಹೆಣ್ಣು ಗರುಡ ಅಂತ ಒಬ್ಬರು, ಹದ್ದು ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
– ಓದುಗರು, ಉಡುಪಿ

ಉತ್ತರ: ಹೆಣ್ಣು ಅನ್ನೋದನ್ನು ಬಿಟ್ಟುಬಿಡಿ. ಗರುಡಗಳಲ್ಲಿ ಗಂಡು, ಹೆಣ್ಣು ಎರಡಕ್ಕೂ ಒಂದೇ ಬಣ್ಣ, ಹೆಣ್ಣು ಗಾತ್ರದಲ್ಲಿ ಸ್ವಲ್ಪ ದೊಡ್ಡದು ಅಷ್ಟೇ. ನೀವು ನೋಡಿದ್ದು ಗರುಡನ ಮರಿ ಇರಬಹುದು, ಹದ್ದೂ ಇರಬಹುದು, ಬೂತಾಯಿ ಮೀನು ಬಿದ್ದಲ್ಲಿಗೆ ಎರಡೂ ಬರುತ್ತವಲ್ಲ.

ಬಣ್ಣ ಬಿಡಿ, ಬಾಲ ನೋಡಿ. ಹದ್ದಿನ ಬಾಲದ ತುದಿ ಕವಲು. ಗರುಡನದ್ದು ಮರಿಯಿರಲಿ, ದೊಡ್ಡದಿರಲಿ, ದುಂಡಗೆ. ಆದ್ರೆ ಹದ್ದು ತಿರುಗುವಾಗ ಬಾಲವನ್ನು ಪೂರ್ತಿ ಬಿಚ್ಚಿದರೆ ಆ ಕವಲು ಮಾಯವಾಗಿ ತುದಿ ನೇರ ಗೆರೆಯಂತೆ ಕಾಣುತ್ತದೆ, ಹಾಗಾಗಿ ಬಾಲ ಮಡಚುವ ತನಕ ಕಾಯಿರಿ. ಮರಿ ತಲೆಯ ಮೇಲೇ ಹಾರಿದರೆ ರೆಕ್ಕೆಯ ಅಡಿಯಲ್ಲಿ, ತುದಿಯ ಕಪ್ಪಿಗಿಂತ ಸ್ವಲ್ಪ ಒಳಗೆ, ಮಾಸಲು ಬಿಳಿ ಮಚ್ಚೆ ಕಾಣುತ್ತದೆ.

ಮರಿಯ ಕಂದು ಗರಿಗಳೇ ನಿಧಾನಕ್ಕೆ ಬಿಳಿಯಾಗುತ್ತವೆ ಅಂದುಕೊಂಡವರು ಜಾಸ್ತಿ. ಹಾಗಲ್ಲ. ಬೆಳೆದು ಮುಗಿದ ಗರಿಗೆ ನಮ್ಮ ಉಗುರಿನ ಹಾಗೆ ಜೀವವಿಲ್ಲ, ಬಿಸಿಲಿಗೆ ಮಂಕಾಗಬಹುದು, ಹೊಸ ಬಣ್ಣವಂತೂ ಬರುವುದಿಲ್ಲ. ಹಳೆಯದು ಉದುರಿ ಆ ಜಾಗದಲ್ಲಿ ಬೇರೆ ಬಣ್ಣದ ಗರಿ ಹುಟ್ಟಬೇಕು. ಎಲ್ಲ ಒಟ್ಟಿಗೆ ಉದುರಿದರೆ ಹಾರುವುದು ಹೇಗೆ, ಊಟ ಎಲ್ಲಿಂದ? ಅದಕ್ಕೇ ಸ್ವಲ್ಪ ಸ್ವಲ್ಪವೇ ಉದುರುತ್ತವೆ. ಎರಡನೇ ವರ್ಷದಲ್ಲಿ ತಲೆ, ಎದೆ ಬೂದು ಬಿಳಿಯಾಗಿ, ಮೈಯಲ್ಲಿ ಅಲ್ಲಲ್ಲಿ ಹಳೆ ಕಂದು ಉಳಿದು ಒಂಥರಾ ಅರ್ಧಂಬರ್ಧ ಕಾಣುತ್ತದೆ. ಕಾಯಿಲೆ ಏನಲ್ಲ. ಮೂರನೇ ವರ್ಷದ ಹೊತ್ತಿಗೆ ನಾವು ಕೈಮುಗಿಯುವ ಗರುಡ ತಯಾರು: ಬಿಳಿ ತಲೆ, ಬಿಳಿ ಎದೆ, ಕೆಂಗಂದು ಮೈ. (ಮರಿಗೆ ಯಾರೂ ಕೈಮುಗಿಯಲ್ಲ, ಪಾಪ.) ಹತ್ತಿರದಿಂದ ನೋಡಿದರೆ ಆ ಎದೆಯೂ ಅಪ್ಪಟ ಬಿಳಿಯಲ್ಲ, ಒಂದೊಂದು ಗರಿಯ ನಟ್ಟನಡುವೆ ದಾರದಷ್ಟು ತೆಳ್ಳಗೆ ಕಪ್ಪು ಗೀರು ಇರುತ್ತದೆ. ಆಸ್ಟ್ರೇಲಿಯಾದ ಗರುಡಗಳಲ್ಲಿ ಈ ಗೀರು ಇಲ್ಲವೆನ್ನುವಷ್ಟು ಕಡಿಮೆ.

ನಮ್ಮಲ್ಲಿ ಇವು ಗೂಡು ಕಟ್ಟಿ ಮರಿ ಮಾಡುವುದು ಹೆಚ್ಚಾಗಿ ಡಿಸೆಂಬರಿನಿಂದ ಏಪ್ರಿಲ್ ತನಕ. ಹೊಸ ಮರಿ ನೋಡಬೇಕಿದ್ದರೆ ಮೇ ತಿಂಗಳಲ್ಲಿ, ಜೂನ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳು ದಡ ಸೇರುವ ಮೊದಲೇ ಬಂದರಿಗೆ ಹೋಗಿ. ಫೋಟೋ ತೆಗೆಯುವುದಾದರೆ ಮುಖಕ್ಕಿಂತ ಬಾಲ ಸಿಗಲಿ.